ಆಸೆ ಕಟ್ಟೋ ಕೆಲಸ

ನಾಯಿಗೆ ಕೆಲಸ ಕಲಿಸುವವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಪದ 'ಡ್ರೈವ್'. ಕಾರಿನ ಡ್ರೈವ್ ಅಲ್ಲ, ನಾವು ಫೈಲ್ ತುಂಬಿಡೋ ಡ್ರೈವೂ ಅಲ್ಲ. ಒಂದು ವಸ್ತು ಸಿಗಲೇಬೇಕು ಅಂತ ನಾಯಿಯೊಳಗೆ ಏಳುವ ಆಸೆಗೆ ಆ ಹೆಸರು. 'ಈ ಮರಿಗೆ ಡ್ರೈವ್ ಚೆನ್ನಾಗಿದೆ', 'ಅದಕ್ಕೆ ಡ್ರೈವ್ ಕಮ್ಮಿ, ಕಟ್ಟಬೇಕು' ಅಂತಾರೆ. ಕಟ್ಟಬೇಕು ಅನ್ನೋ ಮಾತನ್ನ ಗಮನಿಸಿ. ಆಸೆ ತಾನಾಗಿ ಹುಟ್ಟುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ಇವರು ಅದನ್ನ ಮನೆ ಕಟ್ಟಿದ ಹಾಗೆ ವರಸೆ ವರಸೆಯಾಗಿ ಕಟ್ತಾರೆ.

ಕಟ್ಟೋ ರೀತಿ ಹೀಗೆ. ನಾಯಿಯ ಎದೆಗೆ ಅಗಲವಾದ ಪಟ್ಟಿ ಹಾಕಿ, ಉದ್ದದ ಬೆಲ್ಟನ್ನ ಮರಕ್ಕೋ ಕಂಬಕ್ಕೋ ಬಿಗೀತಾರೆ. ಕೊರಳಿಗೆ ಹಾಕಲ್ಲ, ಎಳೆದಾಡುವಾಗ ಉಸಿರು ಕಟ್ಟಬಾರದು. ಎದುರಿಗೆ ನಿಂತವನ ಕೈಯಲ್ಲಿ ಹಗ್ಗ ಪೋಣಿಸಿದ ಚೆಂಡು, ಇಲ್ಲ ಸುತ್ತಿ ಹೊಲಿದ ಗೋಣಿಚೀಲದ ತುಂಡು. ಅದನ್ನ ನಾಯಿಯ ಮೂತಿ ಹತ್ರ ತರೋದಿಲ್ಲ. ಗಾಬರಿಯಾದ ಮೊಲದ ಹಾಗೆ ನೆಲದ ಮೇಲೆ ಅತ್ತ ಇತ್ತ ಓಡಿಸ್ತಾರೆ, ಅದೂ ನಾಯಿಯಿಂದ ದೂರಕ್ಕೆ. ಬೇಟೆ ಯಾವತ್ತೂ ತಾನಾಗಿ ಬಾಯಿಗೆ ಬಂದು ಬೀಳಲ್ವಲ್ಲ. ನಾಯಿ ಮುಂದಕ್ಕೆ ನುಗ್ಗುತ್ತೆ, ಬೆಲ್ಟು ಹಿಂದಕ್ಕೆ ಹಿಡಿಯುತ್ತೆ. ಹಿಂದಕ್ಕೆ ಎಳೆದಷ್ಟೂ ಮುಂದಕ್ಕೆ ತಳ್ಳೋದು ನಾಯಿಯ ಸ್ವಭಾವ. ಬೊಗಳು ಏರ್ತಾ ಹೋಗುತ್ತೆ. ಅದು ತುದಿ ಮುಟ್ಟಿದ ಗಳಿಗೆಯಲ್ಲೇ ಚೆಂಡು ಬಾಯಿಗೆ ಸಿಗಬೇಕು. ಚೂರು ಬೇಗ ಕೊಟ್ಟರೆ ಆಸೆ ಬೆಳೆಯಲ್ಲ, ಚೂರು ತಡವಾದರೆ ನಾಯಿ ಬೇಜಾರಾಗಿ ಮಣ್ಣು ಮೂಸೋಕೆ ಶುರು ಮಾಡುತ್ತೆ. ಕಚ್ಚಿದ ಮೇಲೆ ಒಂದಿಷ್ಟು ಎಳೆದಾಟ, ಕೊನೆಗೆ ಗೆಲ್ಲೋದು ನಾಯಿಯೇ. ಚೆಂಡು ಕಚ್ಚಿಕೊಂಡು, ಬಾಲ ಎತ್ತಿ, ಮದುವೆ ಮನೆ ಯಜಮಾನನ ಹಾಗೆ ಒಂದು ಸುತ್ತು ಓಡುತ್ತೆ. ಹೀಗೆ ನಾಲ್ಕೈದು ಸಲ. ಇನ್ನೂ ಬೇಕು, ಇನ್ನೂ ಬೇಕು ಅಂತಿರುವಾಗಲೇ ಆಟ ಬಂದ್.

ಈ ಆಸೆ ಗಟ್ಟಿಯಾದ ಮೇಲೆ ಅದನ್ನ ಯಾವ ಕೆಲಸಕ್ಕೆ ಬೇಕಾದರೂ ಹೂಡಬಹುದು. ಸ್ಪರ್ಧೆಯಲ್ಲಿ ನಾಯಿಗಳು ಮಾಲೀಕನ ಎಡಗಾಲಿಗೆ ಅಂಟಿಕೊಂಡು, ಕತ್ತೆತ್ತಿ ಮುಖವನ್ನೇ ನೋಡ್ತಾ ನಡೆಯೋದನ್ನ ವಿಡಿಯೋದಲ್ಲಿ ನೋಡಿರ್ತೀರಿ. ಏನು ನಿಷ್ಠೆ ಅಂತ ಕಾಮೆಂಟ್ ಹಾಕ್ತಾರೆ ಜನ. ನಿಷ್ಠೆ ಇರಬಹುದು. ಆದರೆ ಕಲಿಸೋವಾಗ ಚೆಂಡು ಇರೋದು ಮಾಲೀಕನ ಕಂಕುಳಲ್ಲಿ.

ನನ್ನ ಹತ್ರ ಎರಡು ವರ್ಷದ ಒಂದು ಬೆಲ್ಜಿಯನ್ ಮ್ಯಾಲಿನ್ವಾ ಇದೆ. ಕಾಗದದಲ್ಲಿ ಅದರ ಹೆಸರು ನನಗೂ ನೆಟ್ಟಗೆ ಉಚ್ಚರಿಸೋಕೆ ಬರಲ್ಲ. ಮೈ ಕೆಂಚಗಿದೆ ಅಂತ ಅವ್ವ 'ಕೆಂಚ' ಅಂದಳು, ಅದೇ ನಿಂತಿತು. ಹನಗೋಡು ಹತ್ತಿರದ ನಮ್ಮೂರಿಗೆ ಹೋದಾಗ ಕಣದಲ್ಲಿ ಅದನ್ನ ಆಡಿಸ್ತೀನಿ. ಒಂದಿನ ಅವ್ವ ಮೊರ ಕೆಳಗಿಟ್ಟು ಸುಮಾರು ಹೊತ್ತು ನೋಡಿದಳು. ಆಮೇಲೆ ಕೇಳಿದಳು, 'ಅಲ್ಲ ಕಣ್ಲಾ, ಅದುಕ್ಕೆ ಆಸೆ ತೋರ್ಸಿ, ಕಟ್ಟಾಕಿ, ಕೊಡ್ದಂಗೆ ಆಡುಸ್ತೀಯಲ್ಲ, ಪಾಪ ಅಲ್ವೇನ್ಲಾ?'

ಬೈಗುಳ ಅಲ್ಲ ಅದು, ನಿಜವಾದ ಪ್ರಶ್ನೆ. ನಮ್ಮ ಕಡೆ ಮಗು ನೋಡ್ತಿರುವಾಗ ತಿಂಡಿ ಮುಚ್ಚಿಟ್ಟುಕೊಂಡು ತಿನ್ನಬಾರದು, ಹಸಿದವನ ಮುಂದೆ ಎಲೆ ಹಾಕಿ ಬಡಿಸದೆ ಎದ್ದು ಹೋಗಬಾರದು. ಹೊಡೆಯೋದಕ್ಕಿಂತ ಆಸೆ ತೋರಿಸಿ ಕೊಡದಿರೋದು ದೊಡ್ಡ ತಪ್ಪು ಅಂತ ನಂಬಿರೋ ಜನ ನಾವು. ಹಾಗಾಗಿ ಈ ಪ್ರಶ್ನೆಗೆ 'ಇಲ್ಲವ್ವ, ಸೈಂಟಿಫಿಕ್ ಮೆಥಡ್' ಅಂತ ಹೇಳಿ ಜಾರಿಕೊಳ್ಳೋಕಾಗಲ್ಲ.

ಹಳೇ ಕ್ರಮ ಹೇಗಿತ್ತು ಅನ್ನೋದಕ್ಕೆ ನಮ್ಮ ಸೀಮೆಗಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. ಎಚ್.ಡಿ. ಕೋಟೆಯ ಕಾಕನಕೋಟೆ ಕಾಡಿನಲ್ಲಿ ಖೆಡ್ಡಾ ನಡೆಯುತ್ತಿತ್ತು. ಕಾಡಾನೆ ಹಿಂಡನ್ನ ತಮಟೆ, ಬೆಂಕಿ, ಕೂಗಿನಿಂದ ಬೆದರಿಸಿ, ಮರದ ದಿಮ್ಮಿಗಳ ಬೇಲಿಯೊಳಗೆ ನುಗ್ಗಿಸಿ, ಕಾಲಿಗೆ ಹಗ್ಗ ಬಿಗಿದು, ಹಸಿವಿನಿಂದ ಬಡಿದಾಟ ನಿಲ್ಲೋ ತನಕ ಕಾಯುತ್ತಿದ್ದರು. ಆನೆ ಸೋತಿತು ಅಂತ ಖಾತ್ರಿಯಾದ ಮೇಲೆ ಕೈಯಾರೆ ಕಬ್ಬು, ಬೆಲ್ಲ ಕೊಡೋದು. ಅಲ್ಲಿನ ಕೊನೆಯ ಖೆಡ್ಡಾ 1971ರಲ್ಲಿ. ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಹೀಗೇ ಸೆರೆ ಸಿಕ್ಕವನು. ನಾಯಿ ಲೋಕದಲ್ಲೂ ಅಷ್ಟೇ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ತರಬೇತಿ ಪುಸ್ತಕ ದಶಕಗಟ್ಟಲೆ ಪೊಲೀಸು, ಮಿಲಿಟರಿಯವರಿಗೆ ಕೈಪಿಡಿಯಾಗಿತ್ತು. ಅದರಲ್ಲಿ ಬಲವಂತಕ್ಕೆ ದೊಡ್ಡ ಪಾಲು. ಕೊರಳಪಟ್ಟಿ ಜಗ್ಗು, ನೋವಾಗಲಿ, ಮಾಡಿದರೆ ನೋವು ನಿಲ್ಲುತ್ತೆ ಅಂತ ಅರ್ಥವಾಗಲಿ.

ಇದರ ಪಕ್ಕದಲ್ಲಿಟ್ಟು ನೋಡಿದರೆ ಚೆಂಡಿನ ಆಟ ಸ್ವರ್ಗ. ಯಾರೂ ಯಾರನ್ನೂ ಮುರೀತಿಲ್ಲ. ನಾಯಿ ಬೆಲ್ಟು ನೋಡಿದ ಕೂಡಲೇ ಕುಣಿಯುತ್ತೆ, ಗಾಡಿ ಡಿಕ್ಕಿ ತೆಗೆಯೋದರೊಳಗೆ ಹತ್ತಿ ಕೂತಿರುತ್ತೆ. ಆದರೆ ಸುಲಭವಾಗಿ ಖುಷಿಪಡೋ ವಿಷಯ ಅಲ್ಲ ಇದು. ಮುರಿಯುವವನ ಎದುರು ನಿಂತು 'ನನಗಿದು ಬೇಡ' ಅನ್ನೋಕೆ ಪ್ರಾಣಿಯ ಒಳಗೆ ಒಂದು ಜಾಗ ಉಳಿದಿರುತ್ತೆ. ಖೆಡ್ಡಾದ ಆನೆ ಸೋಲೋ ತನಕ 'ಬೇಡ' ಅಂತಾನೇ ಇತ್ತು. ಆಸೆ ಕಟ್ಟುವವನು ನೇರವಾಗಿ ಆ ಜಾಗಕ್ಕೇ ಹೋಗಿ ಕೂರ್ತಾನೆ. 'ಬೇಡ' ಅನ್ನಬೇಕಾದ ಬಾಯಲ್ಲೇ 'ಬೇಕು' ಅನ್ನಿಸ್ತಾನೆ. ಯಾವುದು ದೊಡ್ಡ ಹಿಡಿತ?

ಅವ್ವನ ಪ್ರಶ್ನೆಗೆ ನನ್ನ ಮೊದಲ ಉತ್ತರ, ಕೊಡದೇ ಆಡಿಸೋದಲ್ಲ ಇದು, ತಡ ಮಾಡಿ ಕೊಡೋದು. ಒಳ್ಳೆ ಟ್ರೈನರ್‌ಗಳು ಹೇಳಿಕೊಡೋ ಮೊದಲ ನಿಯಮವೇ ನಾಯಿ ಗೆಲ್ಲಬೇಕು ಅನ್ನೋದು. ವೋಲ್ಫ್ರಾಮ್ ಷುಲ್ಟ್ಸ್ ಅನ್ನೋ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ನೋಡಿ, 1997ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಬರೆದ ಪ್ರಬಂಧ ಈ ವಿಷಯದಲ್ಲಿ ಹೆಸರುವಾಸಿ. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮಿನ್ ಕೋಶಗಳು ಚುರುಕಾಗ್ತಿದ್ದವು. ರಸಕ್ಕೆ ಮೊದಲು ದೀಪ ಹತ್ತುತ್ತೆ ಅಂತ ಕಲಿತ ಮೇಲೆ ದೀಪಕ್ಕೇ ಚುರುಕು, ರಸಕ್ಕೆ ಏನೂ ಇಲ್ಲ. ದೀಪ ಹತ್ತಿ ರಸ ಬರದೇ ಹೋದರೆ, ಬರಬೇಕಿದ್ದ ಆ ಗಳಿಗೆಗೆ ಸರಿಯಾಗಿ ಕೋಶಗಳು ಇದ್ದ ಮಟ್ಟಕ್ಕಿಂತ ಕೆಳಗೆ ಕುಸೀತಿದ್ದವು. ಅಂದರೆ ಕಾಯೋದರಲ್ಲೇ ಒಂದು ಸುಖ ಇದೆ, ಮಾತು ತಪ್ಪಿದರೆ ಅದಕ್ಕೆ ಲೆಕ್ಕವೂ ಇದೆ. ಕಂಬಕ್ಕೆ ಕಟ್ಟಿಸಿಕೊಂಡು ಬೊಗಳೋ ಕೆಂಚ ಸಂಕಟದಲ್ಲಿಲ್ಲ, ನಿರೀಕ್ಷೆಯಲ್ಲಿದ್ದಾನೆ. ಕೊಟ್ಟ ಮಾತು ಉಳಿಸಿಕೊಂಡಷ್ಟು ಕಾಲ ಇದು ಆಟ. ಉಳಿಸಿಕೊಳ್ಳದಿದ್ದರೆ ಅವ್ವ ಹೇಳಿದ ಪಾಪವೇ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮಾತನ್ನ ಪೂರ್ತಿ ಉಳಿಸಿಕೊಳ್ಳದೆ, ಪೂರ್ತಿ ಮುರಿಯದೆ ಆಸೆಯನ್ನ ಇನ್ನೂ ಗಟ್ಟಿ ಮಾಡೋ ದಾರಿ ಒಂದಿದೆ. ನಾಯಿ ಕಲಿತ ಮೇಲೆ ಪ್ರತಿ ಸಲ ಚೆಂಡು ಕೊಡಬಾರದು. ಒಮ್ಮೆ ಎರಡು ಹೆಜ್ಜೆಗೇ, ಒಮ್ಮೆ ಇನ್ನೂರು ಹೆಜ್ಜೆ ಆದ ಮೇಲೆ. ಯಾವಾಗ ಅಂತ ಗೊತ್ತಾಗಬಾರದು. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪಾರಿವಾಳಗಳ ಮೇಲೆ ಮಾಡಿದ ಕೆಲಸವನ್ನ ದಪ್ಪ ಪುಸ್ತಕವಾಗಿ ತಂದಾಗಲೇ ಇದು ಸ್ಪಷ್ಟವಾಗಿತ್ತು: ಲೆಕ್ಕ ಸಿಗದ ಬಹುಮಾನಕ್ಕೆ ಪ್ರಾಣಿ ಹೆಚ್ಚು ದುಡಿಯುತ್ತೆ, ಬಹುಮಾನ ನಿಂತ ಮೇಲೂ ಬಹಳ ಹೊತ್ತು ಬಿಡಲ್ಲ. ಜೂಜಿನ ಯಂತ್ರ ನಡೆಯೋದು ಇದರಿಂದಲೇ, ನಿಮ್ಮ ಫೋನು ನಿಮ್ಮನ್ನ ರಾತ್ರಿ ಒಂದು ಗಂಟೆಗೆ ಎಬ್ಬಿಸಿ ಕೂರಿಸೋದೂ ಇದರಿಂದಲೇ.

ನನಗೆ ಮಾತ್ರ ಇದನ್ನ ಓದಿದಾಗ ನೆನಪಾಗಿದ್ದು ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಸಿ ಮಡಿಯಿಂದ ಹಿಡಿದು ಬ್ಯಾರನ್‌ನಲ್ಲಿ ರಾತ್ರಿಯೆಲ್ಲ ಸೌದೆ ಹಾಕಿ ಶಾಖ ಕಾಯೋ ತನಕ ಮನೆಮಂದಿಯೆಲ್ಲ ಮೈ ಬಗ್ಗಿಸ್ತಾರೆ. ಆಮೇಲೆ ಬೇಲು ಕಟ್ಟಿ ಕಟ್ಟೆಮಳಲವಾಡಿಯಂಥ ಹರಾಜು ಮಾರುಕಟ್ಟೆಗೆ. ಒಂದು ವರ್ಷ ರೇಟು ಕೈ ತುಂಬುತ್ತೆ, ಮನೆಗೆ ತಾರಸಿ ಬೀಳುತ್ತೆ. ಮುಂದಿನ ಎರಡು ವರ್ಷ ಸೌದೆ ಸಾಲವೂ ತೀರಲ್ಲ. 'ಬಿಟ್ಬುಡಪ್ಪ, ರಾಗಿ ಜೋಳ ಹಾಕು' ಅಂದರೆ ಅಪ್ಪ ಹೇಳ್ತಿದ್ದ, 'ಈ ಸಲ ರೇಟ್ ಬತ್ತದೆ ಕಣೋ'. ಯಾರೋ ಕೂತು ಅಪ್ಪನ ಆಸೆ ಕಟ್ಟಿದರು ಅಂತ ನಾನು ಹೇಳ್ತಿಲ್ಲ. ಮಳೆ, ಮಾರುಕಟ್ಟೆ, ದೂರದೇಶದ ಬೇಡಿಕೆ, ಎಲ್ಲ ಸೇರಿ ತಾನೇ ತಾನಾಗಿ ಹಾಗಾಗಿದೆ. ಆದರೆ ಅದೇ ಯಂತ್ರವನ್ನ ಬೇಕಂತಲೇ ಕಟ್ಟುವವನಿಗೆ 'ಅದು ಪ್ರಕೃತಿ' ಅಂತ ಹೇಳೋ ಹಕ್ಕಿಲ್ಲ.

ಪ್ರಕೃತಿ ಅಂದ ಕೂಡಲೇ ಇನ್ನೊಂದು ತಕರಾರು ಬರುತ್ತೆ. ಕೆಂಚನ ಆಸೆ ನಾನು ಕಟ್ಟಿದ್ದೇ, ಅವನ ಜಾತಿಯಲ್ಲೇ ಬಂದಿದ್ದಾ? ಜರ್ಮನ್ ಶೆಫರ್ಡ್ ಸಂಘ ಶುರುವಾದದ್ದು 1899ರಲ್ಲಿ. ಯಾವ ನಾಯಿಯಿಂದ ಮರಿ ತೆಗೀಬೇಕು ಅಂತ ಆರಿಸೋಕೆ ಹುಟ್ಟಿದ ಪರೀಕ್ಷೆಯೇ ಇವತ್ತಿನ ಈ ಕ್ರೀಡೆ: ಜಾಡು ಹಿಡಿಯೋದು, ವಿಧೇಯತೆ, ರಕ್ಷಣೆ, ಒಂದೊಂದಕ್ಕೂ ನೂರು ಅಂಕ. ನೂರಕ್ಕೂ ಹೆಚ್ಚು ವರ್ಷ ಆಸೆ ಜಾಸ್ತಿ ಇರೋದನ್ನೇ ಆರಿಸಿ ಆರಿಸಿ ತಂದರೆ ಹುಟ್ಟುಗುಣ ಯಾವುದು, ಕಟ್ಟಿದ್ದು ಯಾವುದು? ನಮ್ಮ ಮುಧೋಳ ನಾಯಿಯದು ಬೇರೆ ಕಥೆ. ಅದು ಕಣ್ಣಿಗೆ ಕಂಡಿದ್ದನ್ನ ಅಟ್ಟಿಸಿಕೊಂಡು ಹೋಗೋಕೆ ಬೆಳೆಸಿದ ತಳಿ. 2016ರಲ್ಲಿ ಅದರ ಮರಿಗಳನ್ನ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಕಳಿಸಿದಾಗ ನಮ್ಮವರೆಲ್ಲ ಹೆಮ್ಮೆಪಟ್ಟೆವು. ಬಯಲಲ್ಲಿ ಮೊಲ ಅಟ್ಟಲಿ ಅಂತ ತಲೆತಲಾಂತರ ಬೆಳೆಸಿದ ಕಣ್ಣನ್ನ ಇನ್ನೊಂದು ಕೆಲಸಕ್ಕೆ ತಿರುಗಿಸೋದು ಅಂದರೆ ಒಂದರ ಮೇಲೊಂದು ಆಸೆ ಕಟ್ಟಿದ ಹಾಗೆ. ಆದ್ದರಿಂದ 'ಹುಟ್ಟಿನಿಂದ ಬಂದ ಆಸೆ ಶುದ್ಧ, ಕಟ್ಟಿದ್ದು ಅಶುದ್ಧ' ಅಂತ ಗೆರೆ ಎಳೆಯೋಕೆ ನನಗೆ ಆಗಲ್ಲ. ಹಾಗೆ ನೋಡಿದರೆ ನನ್ನ ಇಂಜಿನಿಯರಿಂಗ್ ಆಸೆಯೂ ಪಿಯುಸಿ ಮೇಷ್ಟ್ರು ಕಟ್ಟಿದ್ದೇ.

ನನಗೆ ಗೆರೆ ಕಂಡಿದ್ದು ಬೇರೆ ಕಡೆ. ಒಬ್ಬ ಅನುಭವಸ್ಥ ಟ್ರೈನರ್ ಸಲಹೆ ಕೊಟ್ಟರು: 'ನಾಯಿನ ಮನೆಯೊಳಗೆ ಬಿಡಬೇಡಿ. ದಿನಕ್ಕೆ ಎರಡು ಸೆಷನ್, ಮಿಕ್ಕ ಹೊತ್ತು ಗೂಡಲ್ಲಿ. ಬೇರೆ ನಾಯಿ ಜೊತೆ ಆಟ ಬೇಡ, ಮಕ್ಕಳ ಜೊತೆ ಬೇಡ. ಖುಷಿ ಅಂತ ಏನಾದರೂ ಬಂದರೆ ಅದು ನಿಮ್ಮ ಕೈಯಿಂದ, ಚೆಂಡಿನಿಂದ ಮಾತ್ರ ಬರಬೇಕು. ಆವಾಗ ನೋಡಿ ಡ್ರೈವ್.' ಅವರು ಕೆಟ್ಟವರಲ್ಲ, ಹೇಳಿದ್ದು ಸುಳ್ಳೂ ಅಲ್ಲ. ಗೂಡಿನಲ್ಲಿ ಇಪ್ಪತ್ತೆರಡು ಗಂಟೆ ಇದ್ದ ನಾಯಿ ಹೊರಗೆ ಬಂದಾಗ ಬೆಂಕಿಯ ಹಾಗೆ ಕೆಲಸ ಮಾಡುತ್ತೆ. ಅಂಕವೂ ಬರುತ್ತೆ.

ಆದರೆ ಇಲ್ಲಿ ಕಟ್ಟಿದ್ದು ಆಸೆಯಲ್ಲ, ಬರ. ಚೆಂಡನ್ನ ರುಚಿ ಮಾಡಿದ್ದಲ್ಲ, ಚೆಂಡು ಬಿಟ್ಟು ಉಳಿದ ಲೋಕದ ರುಚಿ ಕಿತ್ತುಕೊಂಡಿದ್ದು. ಎರಡರಲ್ಲೂ ನಾಯಿ ಅದೇ ರೀತಿ ಕುಣಿಯುತ್ತೆ, ವಿಡಿಯೋ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ. ಗೊತ್ತಾಗೋದು ಚೆಂಡು ತೆಗೆದಿಟ್ಟ ಮೇಲೆ. ಒಂದು ನಾಯಿ ಎಮ್ಮೆ ಮೂಸಿ, ಬೇಲಿ ಸುತ್ತಿ, ನೆರಳು ಹುಡುಕಿ ಮಲಗುತ್ತೆ. ಇನ್ನೊಂದು ನಿಂತಲ್ಲೇ ಗಿರಗಿರ ಸುತ್ತುತ್ತೆ, ಗೋಡೆ ಮೇಲಿನ ಬೆಳಕನ್ನ ಅಟ್ಟಿಸಿಕೊಂಡು ಹೋಗುತ್ತೆ. ನಮ್ಮೂರಲ್ಲಿ ರಾತ್ರಿ ಜೋಳದ ಹೊಲಕ್ಕೆ ಹಂದಿ ನುಗ್ಗಿದರೆ ಓಡಿಸೋ ನಾಯಿಗಳಿವೆ. ಅವಕ್ಕೆ ಯಾರೂ ಡ್ರೈವ್ ಕಟ್ಟಿಲ್ಲ. ಅವು ವಿಧೇಯತೆಯಲ್ಲಿ ಸೊನ್ನೆ ಅಂಕದ ನಾಯಿಗಳು. ಕರೆದರೆ ಒಂದು ಕಿವಿ ಎತ್ತಿ ನೋಡಿ, ಮತ್ತೆ ಮಲಗ್ತವೆ. ನನಗೆ ಆ ಒಂದು ಕಿವಿಯ ಮೇಲೆ ಗೌರವ ಇದೆ.

ಈಗ ಇನ್ನೂ ಕಷ್ಟದ ಮಾತು. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ರಾಣ ಅನ್ನೋ ಜರ್ಮನ್ ಶೆಫರ್ಡ್ ಹೆಸರು ಕೇಳಿರ್ತೀರಿ. ಭೋಪಾಲ್‌ನಲ್ಲಿ ತರಬೇತಿ ಪಡೆದು ಬಂದು ಬೇಟೆಗಾರರ ಜಾಡು ಹಿಡಿದವನು. ಇಂಥ ನಾಯಿಗಳಿಗೆ ಕಲಿಸೋ ತಳಪಾಯವೂ ಇದೇ: ಹುಲಿ ಚರ್ಮದ, ದಂತದ ವಾಸನೆ ಸಿಕ್ಕಿದ ಕಡೆ ಇಷ್ಟದ ಆಟದ ಸಾಮಾನೋ ತಿಂಡಿಯೋ ಸಿಗುತ್ತೆ. ಹುಲಿ ಉಳಿಯಬೇಕು ಅನ್ನೋದು ಇಲಾಖೆಯ ಉದ್ದೇಶ, ನಮ್ಮ ಉದ್ದೇಶ. ನಾಯಿಯ ಉದ್ದೇಶ ಚೆಂಡು. ಹುಡುಕಿ ಹುಡುಕಿ ಏನೂ ಸಿಗದೆ ನಾಯಿ ಸೋತರೆ, ಹ್ಯಾಂಡ್ಲರ್‌ಗಳು ತಾವೇ ಒಂದು ಕಡೆ ಬಚ್ಚಿಟ್ಟು ಅದಕ್ಕೆ ಸಿಗೋ ಹಾಗೆ ಮಾಡ್ತಾರೆ. 2001ರಲ್ಲಿ ನ್ಯೂಯಾರ್ಕ್‌ನ ಅವಳಿ ಕಟ್ಟಡ ಕುಸಿದಾಗ, ದಿನಗಟ್ಟಲೆ ಬದುಕಿದವರು ಯಾರೂ ಸಿಗದೆ ನಾಯಿಗಳು ಮಂಕಾದವು. ಹ್ಯಾಂಡ್ಲರ್‌ಗಳು ಅವಶೇಷದಲ್ಲಿ ಮನುಷ್ಯರನ್ನೇ ಬಚ್ಚಿಟ್ಟು, ನಾಯಿಗಳಿಗೆ 'ಗೆಲುವು' ಕೊಟ್ಟರು. ಓದಿದಾಗ ಗಂಟಲು ಕಟ್ಟಿತು. ಅದೇ ಹೊತ್ತಿಗೆ, ಇದು ಸುಳ್ಳಲ್ವಾ ಅಂತಲೂ ಅನ್ನಿಸಿತು.

ಹ್ಯಾರಿ ಫ್ರಾಂಕ್‌ಫರ್ಟ್ ಅನ್ನೋ ತತ್ವಶಾಸ್ತ್ರಜ್ಞ 1971ರಲ್ಲಿ (ಕಾಕನಕೋಟೆಯ ಕೊನೆಯ ಖೆಡ್ಡಾದ ವರ್ಷವೇ, ಕಾಕತಾಳೀಯ) ಬರೆದ ಒಂದು ಪ್ರಬಂಧ ಇಲ್ಲಿ ನನಗೆ ಉಪಯೋಗಕ್ಕೆ ಬಂತು. ಆಸೆ ಎಲ್ಲ ಪ್ರಾಣಿಗೂ ಇದೆ. ಮನುಷ್ಯನ ವಿಶೇಷ ಏನಂದರೆ ಅವನಿಗೆ ತನ್ನ ಆಸೆಯ ಬಗ್ಗೆಯೂ ಆಸೆ ಇರುತ್ತೆ. ಕುಡಿಯೋ ಆಸೆ ಇರುವವನಿಗೆ, ಈ ಆಸೆ ನನಗೆ ಇಲ್ಲದಿದ್ದರೆ ಚೆನ್ನಾಗಿತ್ತು ಅನ್ನೋ ಆಸೆಯೂ ಇರಬಹುದು. ಚೆಂಡು ಬೇಕು ಅಂತ ಕೆಂಚನಿಗೆ ಅನ್ನಿಸುತ್ತೆ. 'ನನಗ್ಯಾಕೆ ಚೆಂಡು ಇಷ್ಟು ಬೇಕು, ಇದನ್ನ ಯಾರು ಕಟ್ಟಿದರು' ಅಂತ ಅವನು ಕೇಳಲ್ಲ. ಹಾಗಾಗಿ ಬಚ್ಚಿಟ್ಟ ಗೆಲುವಿನಿಂದ ಅವನಿಗೆ ಮೋಸ ಆಗಲ್ಲ, ಅವನ ಪಾಲಿಗೆ ಚೆಂಡು ನಿಜ, ಗೆಲುವು ನಿಜ.

ಆದರೆ ಕೇಳೋಕೆ ಬರಲ್ಲ ಅನ್ನೋದರಿಂದ ನನ್ನ ಹೊಣೆ ಕಮ್ಮಿಯಾಗಲ್ಲ, ಜಾಸ್ತಿಯಾಗುತ್ತೆ. ಅವನ ಪರವಾಗಿ ಆ ಪ್ರಶ್ನೆಯನ್ನ ಕೇಳಬೇಕಾದವನು ನಾನೇ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಒಂಟಿಸಲಗದ ಜೊತೆ ಕಾದಾಡಿ ಅರ್ಜುನ ಸತ್ತ. ಬಳ್ಳೆ ಕ್ಯಾಂಪಿನಲ್ಲಿ ಅವನನ್ನ ನೋಡ್ಕೊಂಡು ಬೆಳೆದ ಕೋಟೆ ತಾಲ್ಲೂಕಿನ ಜನ ಮನೆಯವರು ಹೋದ ಹಾಗೆ ಅತ್ತರು. ಅಂಬಾರಿ ಏನು, ಕಾರ್ಯಾಚರಣೆ ಏನು, ತಾನು ಯಾಕೆ ಇನ್ನೊಂದು ಆನೆ ಎದುರು ನಿಂತಿದ್ದೀನಿ ಅಂತ ಅವನಿಗೆ ಗೊತ್ತಿತ್ತಾ? ನಮಗೆ ಗೊತ್ತಿತ್ತು. ಗೊತ್ತಿದ್ದವರು ಲೆಕ್ಕ ಕೊಡಬೇಕು.

ಇಷ್ಟೆಲ್ಲ ಓದಿ ನೀವು ಆಫೀಸನ್ನೇ ನೆನೆಸಿಕೊಂಡಿರ್ತೀರಿ, ನನಗೆ ಗೊತ್ತು. ನಾನೂ ಅದರಿಂದ ತಪ್ಪಿಸಿಕೊಂಡಿಲ್ಲ. ನಮ್ಮ ಲೋಕದಲ್ಲಿ 'ಹಂಗ್ರಿ' ಅನ್ನೋದು ಹೊಗಳಿಕೆ. ಹಸಿದವರನ್ನ ಹುಡುಕಿ ಕೆಲಸಕ್ಕೆ ತಗೋತೀವಿ, ಹಸಿವು ಆರದ ಹಾಗೆ ನೋಡ್ಕೋತೀವಿ. ಊಟ, ಕ್ಯಾಬು, ಜಿಮ್ಮು ಎಲ್ಲ ಒಳಗೇ. ಗೆಳೆಯರು ಅಲ್ಲೇ, ಜಗಳ ಅಲ್ಲೇ. ಐದು ವರ್ಷ ಕಳೆದ ಮೇಲೆ ಜೀವನದಲ್ಲಿ ಖುಷಿ ಕೊಡೋಕೆ ಉಳಿದಿರೋದು ರೇಟಿಂಗ್ ಒಂದೇ. 1973ರಲ್ಲಿ ಲೆಪ್ಪರ್ ಮತ್ತು ಜೊತೆಗಾರರು ಶಿಶುವಿಹಾರದ ಮಕ್ಕಳ ಮೇಲೆ ಮಾಡಿದ ಪ್ರಯೋಗ ನೆನಪಾಗುತ್ತೆ. ಚಿತ್ರ ಬಿಡಿಸೋದನ್ನ ಇಷ್ಟಪಡುತ್ತಿದ್ದ ಮಕ್ಕಳಿಗೆ 'ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೀವಿ' ಅಂದರು, ಕೊಟ್ಟರು. ವಾರಗಳ ನಂತರ ನೋಡಿದರೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸೋದು ಕಮ್ಮಿಯಾಗಿತ್ತು. ಮೊದಲು ಚೆಂದದ ಕೋಡ್ ಬರೆದು ಖುಷಿಯಿಂದ ಕರೆದು ತೋರಿಸುತ್ತಿದ್ದ ಎಷ್ಟು ಜನ ಈಗ 'ಇದು ಅಪ್ರೈಸಲ್‌ಗೆ ಬರುತ್ತಾ' ಅಂತ ಕೇಳ್ತಾರೆ, ನೀವೇ ಎಣಿಸಿ.

ನಾಯಿಗೂ ನಮಗೂ ಹೋಲಿಕೆ ಮಾಡಿ ಅವಮಾನ ಮಾಡ್ತಿದ್ದೀನಿ ಅಂದ್ಕೋಬೇಡಿ. ನಾನು ಹೇಳ್ತಿರೋದು ವ್ಯತ್ಯಾಸದ ಬಗ್ಗೆ. ಚೆಂಡು ಯಾರ ಕಂಕುಳಲ್ಲಿದೆ ಅಂತ ಮನುಷ್ಯ ಕೇಳಬಲ್ಲ. ಹಾಗಾಗಿ ನಾಯಿಗೆ ಕೊಡಬಹುದಾದ ಬಚ್ಚಿಟ್ಟ ಗೆಲುವನ್ನ ಮನುಷ್ಯನಿಗೆ ಕೊಡೋ ಹಾಗಿಲ್ಲ. ಅವನಿಗೆ ಸಲ್ಲಬೇಕಾದ್ದು ನಿಜ. ಇದು ಮ್ಯಾನೇಜ್‌ಮೆಂಟ್ ತರಬೇತಿಯಲ್ಲಿ ಹೇಳಿಕೊಡೋದಕ್ಕೆ ಉಲ್ಟಾ. ಅಲ್ಲಿ ಹೇಳೋದು 'ಕೀಪ್ ದೆಮ್ ಎಂಗೇಜ್ಡ್'. ಪ್ರಮೋಷನ್ ಇಲ್ಲ ಅಂತ ಗೊತ್ತಿದ್ದರೂ 'ನೆಕ್ಸ್ಟ್ ಸೈಕಲ್‌ನಲ್ಲಿ ಸ್ಟ್ರಾಂಗ್ ಕೇಸ್ ಇದೆ' ಅನ್ನಿ ಅಂತ. ದೀಪ ಹತ್ತಿಸು, ರಸದ ಮಾತು ಆಮೇಲೆ ನೋಡಣ.

ಕೆಂಚನನ್ನ ನಾನು ಗೂಡಿಗೆ ಹಾಕಿಲ್ಲ. ಬೆಲ್ಟು, ಕಂಬ, ಗೋಣಿಚೀಲ, ಎಲ್ಲ ಇದೆ, ತಡ ಮಾಡ್ತೀನಿ, ಕಾಯಿಸ್ತೀನಿ, ಕೊಡ್ತೀನಿ. ಆಟ ಮುಗಿದ ಮೇಲೆ ಅವನು ಊರ ನಾಯಿಗಳ ಜೊತೆ ಕೆರೆ ಏರಿ ಮೇಲೆ ಓಡಿ, ಸಗಣಿ ಮೆತ್ತಿಕೊಂಡು ಬರ್ತಾನೆ. ಅವ್ವ ಹಾಕೋ ಮುದ್ದೆಗೆ ಯಾವ ಷರತ್ತೂ ಇಲ್ಲ. ಇದರಿಂದ ಅಂಕ ಕಮ್ಮಿಯಾಗುತ್ತೆ, ಆಗಿದೆ ಕೂಡ. ನಡಿಗೆಯ ಮಧ್ಯೆ ಮೈನಾ ಹಕ್ಕಿ ಹಾರಿದರೆ ಅವನ ಕಣ್ಣು ನನ್ನ ಮುಖ ಬಿಟ್ಟು ಅತ್ತ ಹೋಗುತ್ತೆ. ಟ್ರೈನರ್ ತಲೆ ಆಡಿಸ್ತಾರೆ. ಅವ್ವನೂ ಪೂರ್ತಿ ಒಪ್ಪಿಲ್ಲ. 'ಏನೇ ಯೋಳು, ಕಟ್ಟಾಕಿ ತೋರ್ಸೋದು ನಂಗೆ ಸರಿ ಕಾಣಕಿಲ್ಲ' ಅಂತಾಳೆ.

ಹೋದ ಅಪ್ರೈಸಲ್‌ನಲ್ಲಿ ನನ್ನ ಟೀಮಿನ ಪಿರಿಯಾಪಟ್ಟಣ ಕಡೆಯ ಹುಡುಗನೊಬ್ಬನ ಜೊತೆ ಕೂತಿದ್ದೆ. ಆರು ತಿಂಗಳಿಂದ ಶನಿವಾರ, ಭಾನುವಾರ ಲೆಕ್ಕವಿಲ್ಲದೆ ದುಡಿದಿದ್ದ. ಈ ವರ್ಷ ಆ ಲೆವೆಲ್ಲಿಗೆ ಜಾಗವೇ ಇಲ್ಲ ಅಂತ ನನಗೆ ಗೊತ್ತಿತ್ತು. ಹೇಳಿದೆ: ಜಾಗ ಇಲ್ಲ, ನೀನು ಎಷ್ಟು ಮಾಡಿದರೂ ಈ ವರ್ಷ ಆಗಲ್ಲ, ಮುಂದಿನ ವರ್ಷದ್ದು ನನ್ನ ಕೈಯಲ್ಲಿಲ್ಲ, ನಿನ್ನ ಕೆಲಸ ಚೆನ್ನಾಗಿದೆ ಅನ್ನೋದಷ್ಟು ಮಾತ್ರ ನಿಜ. ಅವನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಳದ ಮೇಲಿನ ಸ್ಟಿಕ್ಕರ್ ಕೆರೀತಾ ಸುಮ್ಮನಿದ್ದ. ಸಿಟ್ಟು ಬಂದಿತ್ತು, ಮುಖದಲ್ಲಿ ಕಾಣ್ತಿತ್ತು. ಆಮೇಲೆ ಕೇಳಿದ, 'ಹಂಗಾದ್ರೆ ಅಣ್ಣ, ಈ ಶನಿವಾರ ನಾನು ಊರಿಗೆ ಹೋಗ್ಲಾ?'